ಬೆಲೆ, ಬೆಲಿ, ವೆಲ, ವಿಲೈ

ಕೊರಿಯನ್ ಸೀರಿಯಲ್ಲು ನೋಡುವವರಿಗೆಲ್ಲ ಇದು ಗೊತ್ತಿರುತ್ತೆ. ಅಲ್ಲಿನ ಮಗಳು ಅಪ್ಪನನ್ನ 'ಅಪ್ಪಾ' ಅಂತಲೇ ಕರೀತಾಳೆ. ಅಮ್ಮನನ್ನ ಕರೆಯೋದು ಕೂಡ ನಮ್ಮ 'ಅಮ್ಮಾ'ಗೆ ತೀರಾ ಹತ್ತಿರ. ನಾನು ಅನ್ನೋಕೆ 'ನಾ'. ಇಷ್ಟು ಸಿಕ್ಕರೆ ಸಾಕು, ಕೊರಿಯನ್ ಭಾಷೆ ನಮ್ಮ ಕಡೆಯಿಂದಲೇ ಹೋಗಿದ್ದು ಅಂತ ಒಂದು ರೀಲು ತಯಾರಾಗುತ್ತೆ. ಸಾವಿರ ಜನ ಅದಕ್ಕೆ ಹೃದಯ ಒತ್ತುತ್ತಾರೆ. ಕೊರಿಯನ್ನರಲ್ಲಿ ಕಣ್ಣಿಗೆ 'ನುನ್', ಕಿವಿಗೆ 'ಗ್ವಿ', ಒಂದು ಎರಡು ಮೂರಕ್ಕೆ 'ಹಾನಾ, ತುಲ್, ಸೆತ್' ಅಂತಾರೆ ಅನ್ನೋದನ್ನ ಯಾರೂ ಹೇಳೋದಿಲ್ಲ. ಹೇಳಿದ್ರೆ ರೀಲು ಓಡಲ್ಲ.

ಇದು ತಮಾಷೆ, ಬಿಟ್ಟುಬಿಡಬಹುದು. ಆದರೆ ಇದೇ ಬಗೆಯ ಯೋಚನೆ ಮನೆ ಹತ್ತಿರಕ್ಕೆ ಬಂದಾಗ ತಮಾಷೆ ಆಗಿ ಉಳಿಯೋದಿಲ್ಲ. 2025ರ ಮೇ ತಿಂಗಳಲ್ಲಿ ಕಮಲ್ ಹಾಸನ್ ಚೆನ್ನೈನ ವೇದಿಕೆಯೊಂದರಲ್ಲಿ ಕನ್ನಡ ಹುಟ್ಟಿದ್ದು ತಮಿಳಿನಿಂದ ಅಂದರು. ಆಮೇಲೆ ಏನಾಯ್ತು ನಿಮಗೆ ಗೊತ್ತು. ಅವರ ಸಿನಿಮಾ ನಿಗದಿಯಾದ ದಿನ ಕರ್ನಾಟಕದಲ್ಲಿ ಬಿಡುಗಡೆ ಆಗಲಿಲ್ಲ, ವಿಷಯ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿನ ತನಕ ಹೋಯ್ತು. ತಾಯಿ ಯಾರು, ಮಗಳು ಯಾರು ಅಂತ ಎರಡೂ ಕಡೆಯವರು ಗಂಟಲು ಹರಿದುಕೊಂಡರು. ಇಷ್ಟೆಲ್ಲ ಗದ್ದಲದಲ್ಲಿ, ಈ ಪ್ರಶ್ನೆಗೆ ಪುಟಪುಟದಲ್ಲೂ ಉತ್ತರ ಇಟ್ಟುಕೊಂಡಿರುವ ಒಂದು ಪುಸ್ತಕವನ್ನ ಕೈಗೆತ್ತಿಕೊಂಡವರು ಮಾತ್ರ ಕಡಿಮೆ.

ಆ ಪುಸ್ತಕದ ಬಗ್ಗೆಯೇ ಈ ಬರಹ. ಟಿ. ಬರೋ ಮತ್ತು ಎಂ.ಬಿ. ಎಮೆನೋ ಸೇರಿ ಮಾಡಿದ 'ಎ ದ್ರವಿಡಿಯನ್ ಎಟಿಮಲಾಜಿಕಲ್ ಡಿಕ್ಷನರಿ'. ಮೊದಲು ಬಂದಿದ್ದು 1961ರಲ್ಲಿ, ತಿದ್ದಿ ಬೆಳೆಸಿದ ಎರಡನೇ ಆವೃತ್ತಿ 1984ರಲ್ಲಿ. ಬರೋ ಆಕ್ಸ್‌ಫರ್ಡಿನಲ್ಲಿ ಸಂಸ್ಕೃತದ ಪ್ರೊಫೆಸರ್. ಎಮೆನೋ ಅಮೆರಿಕದ ಬರ್ಕ್ಲಿಯವರು, 1930ರ ದಶಕದಲ್ಲಿ ನೀಲಗಿರಿ ಬೆಟ್ಟದಲ್ಲಿ ಕೂತು ತೋಡ, ಕೋಟ ಭಾಷೆಗಳನ್ನ ಕೇಳಿ ಬರೆದುಕೊಂಡವರು. ಈ ಪುಸ್ತಕವನ್ನ ನಾನು ನಮ್ಮೂರ ಕಡೆಯ ಕಣ್ಣಿಂದ ಓದ್ತೀನಿ. ನಮ್ಮೂರ ಕಡೆ ಅಂದ್ರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ರಾಯಚೂರಿನಿಂದ ಬೇರೆಯಾಗಿ ಹೊಸ ಜಿಲ್ಲೆ ಆದಾಗ ನಮ್ಮ ಪಾಲಿಗೆ ಬಂದ ನಾಲ್ಕು ತಾಲ್ಲೂಕು. ಈ ನಾಲ್ಕರೊಳಗೆ ಕಿವಿ ತೆರೆದು ಓಡಾಡಿದರೆ ಕನ್ನಡ, ತೆಲುಗು, ದಖನಿ ಉರ್ದು, ಲಂಬಾಣಿ ಎಲ್ಲ ಕಿವಿಗೆ ಬೀಳ್ತಾವೆ. ಪದಕೋಶವೊಂದರ ಗಟ್ಟಿತನ ಪರೀಕ್ಷೆ ಮಾಡೋಕೆ ಇದಕ್ಕಿಂತ ಒಳ್ಳೇ ಜಾಗ ಸಿಗೋದು ಕಷ್ಟ.

ಮೊದಲು ಒಂದು ಮಾತು ಸ್ಪಷ್ಟ ಆಗಬೇಕು. ಎರಡು ಭಾಷೆಯಲ್ಲಿ ಒಂದು ಪದ ಒಂದೇ ಥರ ಕೇಳಿಸಿದರೆ ಅದು ಸಂಬಂಧಕ್ಕೆ ಸಾಕ್ಷಿ ಅಲ್ಲ. ಅಪ್ಪ, ಅಮ್ಮ, ಮಾಮ ಇವೆಲ್ಲ ಕೂಸುಗಳ ತುಟಿ ಮೊದಲು ಮಾಡೋ ಸದ್ದು, ಲೋಕದ ಎಷ್ಟೋ ಕಡೆ ಸಿಗ್ತವೆ. ಇನ್ನು ಕೆಲವು ಪದ ಸಂತೆಯಲ್ಲಿ ಕೈ ಬದಲಾಯಿಸಿದ ಸಾಲ. ಸಂಬಂಧ ತೋರಿಸೋದು ಹೋಲಿಕೆ ಅಲ್ಲ, ವ್ಯತ್ಯಾಸ. ವ್ಯತ್ಯಾಸ ಪ್ರತಿ ಸಲ ಒಂದೇ ಥರ ಇದ್ದರೆ ಮಾತ್ರ ಅಲ್ಲೊಂದು ನಿಯಮ ಇದೆ ಅಂತ ಅರ್ಥ. ಮನೆಯ ದಿನಬಳಕೆಯ ಪದಗಳು ಆ ನಿಯಮ ಪಾಲಿಸಿದರೆ ಅಲ್ಲಿ ರಕ್ತಸಂಬಂಧ ಇದೆ ಅಂತ ನಂಬಬಹುದು.

ಇದಕ್ಕೆ ಆಫ್ರಿಕಾದ ಬಾಂಟು ಭಾಷೆಗಳದ್ದು ಚೆಂದದ ಉದಾಹರಣೆ. ಮನುಷ್ಯನಿಗೆ ಸ್ವಾಹಿಲಿಯಲ್ಲಿ 'ಮ್ಟು', ಜುಲುವಿನಲ್ಲಿ 'ಉಮುನ್ಟು', ಶೋನಾದಲ್ಲಿ 'ಮುನ್ಹು'. ಒಬ್ಬ ಹೋಗಿ ಹಲವರಾದರೆ 'ವಾಟು, ಅಬಾನ್ಟು, ವಾನ್ಹು'. ಪದದ ಮುಂದಿನ ತುಂಡು ಬದಲಾದರೆ ವಚನ ಬದಲು, ಹಿಂದಿನ ಬೇರು ಹಾಗೇ. ಮೂರು ಅನ್ನೋದು ಸ್ವಾಹಿಲಿಯಲ್ಲೂ ಶೋನಾದಲ್ಲೂ 'ಟಾಟು', ಜುಲುವಿನಲ್ಲಿ 'ಥಾಥು'. ಮಾಂಸಕ್ಕೆ ಎರಡರಲ್ಲಿ 'ನ್ಯಾಮಾ', ಜುಲುವಿನಲ್ಲಿ 'ಇನ್ಯಾಮಾ'. ಪೂರ್ವ ಆಫ್ರಿಕಾದ ಕಡಲತೀರದಿಂದ ದಕ್ಷಿಣದ ತುದಿಯ ತನಕ ಹೀಗೆ. ವಿಲ್ಹೆಲ್ಮ್ ಬ್ಲೀಕ್ 1862ರಲ್ಲಿ ಈ ಕುಟುಂಬಕ್ಕೆ ಹೆಸರಿಡುವಾಗ ಅವರದೇ ಪದ ಎತ್ತಿಕೊಂಡ: ಬಾಂಟು, ಅಂದರೆ ಜನ. ಅದಕ್ಕೆ ಆರು ವರ್ಷ ಮೊದಲು, 1856ರಲ್ಲಿ, ಬಿಷಪ್ ಕಾಲ್ಡ್‌ವೆಲ್ ನಮ್ಮ ಕುಟುಂಬಕ್ಕೆ ದ್ರಾವಿಡ ಅಂತ ಹೆಸರಿಟ್ಟಿದ್ದ. ಅದು ಸಂಸ್ಕೃತದಿಂದ ತಂದ ಹೆಸರು. ಅದಕ್ಕೂ ಮೊದಲೇ, 1816ರಲ್ಲಿ, ಮದರಾಸಿನ ಕಲೆಕ್ಟರ್ ಎಲ್ಲಿಸ್ ತೆಲುಗು ವ್ಯಾಕರಣವೊಂದಕ್ಕೆ ಬರೆದ ಮುನ್ನುಡಿಯಲ್ಲಿ ತಮಿಳು, ತೆಲುಗು, ಕನ್ನಡದ ಬೇರುಗಳನ್ನ ಪಕ್ಕಪಕ್ಕ ಇಟ್ಟು, ಇವು ಒಂದೇ ಮನೆಯವು ಅಂತ ತೋರಿಸಿದ್ದ. ಅಂದರೆ ಈ ವಿಷಯ ಗೊತ್ತಾಗಿ ಇನ್ನೂರು ವರ್ಷ ದಾಟಿದೆ. ಜಗಳ ಮಾತ್ರ ಹೊಸದು.

ಬರೋ-ಎಮೆನೋ ಮಾಡಿದ್ದು ಆ ಪಕ್ಕಪಕ್ಕ ಇಡೋ ಕೆಲಸವನ್ನೇ, ಐದೂವರೆ ಸಾವಿರ ನಮೂದುಗಳಲ್ಲಿ. 1159ನೇ ನಮೂದು ತೆಗೀರಿ. ತಮಿಳು, ಮಲಯಾಳ, ಕೋಟ, ತೋಡ, ಕನ್ನಡ, ಕೊಡವ, ತುಳು, ತೆಲುಗು, ಗೋಂಡಿ ಅಂತ ಸಾಲು ಉತ್ತರಕ್ಕೆ ಹತ್ತುತ್ತಾ ಹೋಗುತ್ತೆ. ಎಲ್ಲದರಲ್ಲೂ ಕಣ್ಣು. ಜಾರ್ಖಂಡಿನ ಕುಡುಖ್ ಭಾಷೆಗೆ ಬಂದಾಗ ಅದು 'ಖನ್' ಆಗಿರುತ್ತೆ. ಕೊನೆಗೆ ಬಲೂಚಿಸ್ತಾನದ ಬ್ರಾಹುಯಿ, ಅಲ್ಲೂ 'ಖನ್'. ಬ್ರಾಹುಯಿ ಮಂದಿಗೆ ಕಲ್ಲು 'ಖಲ್', ಕಿವಿ 'ಖಫ್', ಬಾಯಿ 'ಬಾ', ಹಾಲು 'ಪಾಲ್ಹ್'. ನಾವು ಕ ಅನ್ನೋ ಕಡೆ ಅವರದು ಖ, ಒಂದು ಪದದಲ್ಲಿ ಅಲ್ಲ, ಸಾಲುಸಾಲಾಗಿ. ಎಣಿಕೆ 'ಅಸಿಟ್, ಇರಟ್, ಮುಸಿಟ್' ಅಂತ ಮೂರರವರೆಗೆ ನಮ್ಮದು, ನಾಲ್ಕರಿಂದ ನೆರೆಯ ಭಾಷೆಗಳಿಂದ ಪಡೆದದ್ದು. ಕೊಪ್ಪಳದಿಂದ ಬಲೂಚಿಸ್ತಾನಕ್ಕೆ ಎಷ್ಟು ದೂರ ನೀವೇ ನಕ್ಷೆ ನೋಡಿಕೊಳ್ಳಿ. ಕೊರಿಯಾದ 'ಅಪ್ಪಾ' ಒಂದು ಕಾಕತಾಳೀಯ, ಬ್ರಾಹುಯಿಯ 'ಖಲ್' ದೂರದ ನೆಂಟ. ಈ ಎರಡರ ನಡುವಿನ ವ್ಯತ್ಯಾಸವನ್ನ ಇಷ್ಟು ಗಟ್ಟಿಯಾಗಿ ಕಲಿಸಿಕೊಡುವ ಪುಸ್ತಕ ಅಪರೂಪ.

ಈಗ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಗಂಗಾವತಿ ಕಡೆ ಹೋಗೋಣ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಎದ್ದ ಮೇಲೆ ಎಡದಂಡೆ ಕಾಲುವೆ ಹರಿದ ಕಡೆಯೆಲ್ಲ ಆಂಧ್ರದ ಕರಾವಳಿ ಜಿಲ್ಲೆಗಳ ರೈತರು ಬಂದರು, ಜಮೀನು ಕೊಂಡರು, ಕ್ಯಾಂಪು ಕಟ್ಟಿಕೊಂಡರು. ಶ್ರೀರಾಮನಗರಕ್ಕೆ ಹೋದರೆ ಅಂಗಡಿಯ ಮಾತು ಇವತ್ತಿಗೂ ತೆಲುಗೇ. ಗದ್ದೆ ಅವರದು, ನಾಟಿಗೆ ಬರೋ ಹೆಣ್ಣುಮಕ್ಕಳು ಸುತ್ತಲಿನ ಹಳ್ಳಿಯವರು. ಇವರು ನಾಟಿ ಅಂದರೆ ಅವರು 'ನಾಟ್ಲು' ಅಂತಾರೆ, ತಮಿಳುನಾಡಿನಲ್ಲಾದರೆ 'ನಡವು'. ನಮ್ಮ ಕಳೆ ಅವರ 'ಕಲುಪು', ತಮಿಳರ 'ಕಳೈ'. ಎತ್ತು ಅವರಿಗೆ 'ಎದ್ದು', ತಮಿಳರಿಗೆ 'ಎರುದು'. ಬಂಡಿ ಇಬ್ಬರಿಗೂ ಬಂಡಿ, ತಮಿಳರಿಗೆ 'ವಂಡಿ'. ನೀರು, ಉಪ್ಪು ಹಾಗೇ. ಕೂಲಿ ಅನ್ನೋ ಪದ ಅಂತೂ ಮೂರಕ್ಕೆ ಮೂರೂ ಕಡೆ ಕೂಲಿಯೇ, ಒಂದು ಅಕ್ಷರ ಬದಲಾಗಿಲ್ಲ.

ಎಲ್ಲವೂ ಹೀಗೇ ಕೂಡಿಬರುತ್ತೆ ಅಂತಲ್ಲ. ಅಕ್ಕಿಯ ನಾಡಿನಲ್ಲೇ ಅಕ್ಕಿಗೆ ಅವರು 'ಬಿಯ್ಯಂ' ಅಂತಾರೆ, ನಮಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ದೂರದ ತಮಿಳಿನ 'ಅರಿಸಿ', ತುಳುವಿನ 'ಅರಿ' ನಮ್ಮ ಅಕ್ಕಿಯ ಒಡಹುಟ್ಟು. ನಾಯಿ ತಮಿಳಿನಲ್ಲೂ ತುಳುವಿನಲ್ಲೂ ನಾಯಿ, ಬೇಲಿಯಾಚೆಯ ತೆಲುಗಿನಲ್ಲಿ 'ಕುಕ್ಕ'. ಮಳೆ ತಮಿಳಿನಲ್ಲಿ 'ಮಳೈ', ಕ್ಯಾಂಪಿನಲ್ಲಿ 'ವಾನ'. ನೆರೆಮನೆ ಮತ್ತು ನೆಂಟರ ಮನೆ ಯಾವಾಗಲೂ ಒಂದೇ ಆಗಿರೋದಿಲ್ಲ, ಪದಗಳ ಲೋಕದಲ್ಲೂ ಅಷ್ಟೆ.

ನಿಯಮಗಳ ಕಡೆ ಬರೋಣ. ಇವು ಐದಾರು ಗೊತ್ತಿದ್ದರೆ ನೂರಾರು ಪದ ತಾವಾಗೇ ಬಾಗಿಲು ತೆರೀತವೆ. ಮೊದಲನೆಯದು ಶಾಲೆಯಲ್ಲೇ ಕೇಳಿದ್ದು, ಪ ಹೋಗಿ ಹ ಆಗಿದ್ದು. ಪಾಲು ಹಾಲು, ಪುಲಿ ಹುಲಿ, ಪೂ ಹೂ, ಪಲ್ಲು ಹಲ್ಲು, ತೆಲುಗರ 'ಪಾಮು' ನಮ್ಮ ಹಾವು, ಅವರ 'ಪತ್ತಿ' ನಮ್ಮ ಹತ್ತಿ. ತಮಿಳು, ತೆಲುಗು ಎರಡೂ ಪಕಾರ ಉಳಿಸಿಕೊಂಡವು. ಕನ್ನಡ ಹತ್ತನೇ ಶತಮಾನದ ಆಚೀಚೆ ಜಾರೋಕೆ ಶುರುಮಾಡಿ, ಮುಂದಿನ ಕೆಲವು ಶತಮಾನಗಳಲ್ಲಿ ಪೂರ್ತಿ ಜಾರಿತು. ಎರಡನೆಯದು, ಅವರ ವಕಾರ ನಮ್ಮ ಬಕಾರ. ತಮಿಳರ 'ವಿರಲ್' ನಮ್ಮ ಬೆರಳು, 'ವಾಯ್' ಬಾಯಿ, 'ವೆಳ್ಳಿ' ಬೆಳ್ಳಿ, 'ವೆಣ್ಣೆಯ್' ಬೆಣ್ಣೆ. ಅವರು ವಾಸ ಮಾಡೋ 'ವೀಡು' ನಮ್ಮಲ್ಲಿ ಬೀಡು. ಪದ ಒಂದೇ, ಅವರಿಗೆ ಮನೆ ಆಗಿ ಉಳೀತು, ನಮಗೆ ದಂಡು ಬೀಡು ಬಿಡೋಕೆ ಬಂತು. ಮೂರನೆಯದು, ನಮ್ಮ ಏಳು ಕೋಳಿ ತೆಲುಗಿನಲ್ಲಿ 'ಏಡು ಕೋಡಿ'. ಹಳಗನ್ನಡದಲ್ಲಿ ಇಲ್ಲೊಂದು ಬೇರೆಯೇ ಅಕ್ಷರ ಇತ್ತು, ೞ. ತಮಿಳರು ಅದನ್ನ ಇನ್ನೂ ಇಟ್ಟುಕೊಂಡಿದ್ದಾರೆ, ನಾವು ಳ ಮಾಡಿಕೊಂಡೆವು, ತೆಲುಗರು ಡ ಮಾಡಿಕೊಂಡರು, ತುಳುವರು 'ಕೋರಿ' ಅಂದರು. ನಾಲ್ಕನೆಯದು ಸಣ್ಣದು. ನಮ್ಮ ಕಣ್ಣು, ಮಣ್ಣು, ಅಣ್ಣ ತೆಲುಗಿನಲ್ಲಿ 'ಕನ್ನು, ಮನ್ನು, ಅನ್ನ'.

ಇಲ್ಲಿಯವರೆಗೆ ಕೇಳಿದರೆ ತಮಿಳಿನ ಅಭಿಮಾನಿ ನಗಬಹುದು. ನೋಡಿ, ಪಕಾರ ನಮ್ಮದೇ ಹಳೇದು, ವಕಾರ ನಮ್ಮದೇ ಹಳೇದು, ೞ ಇರೋದು ನಮ್ಮಲ್ಲೇ, ಅಂದಮೇಲೆ ತಾಯಿ ನಾವೇ ಅಲ್ವಾ ಅಂತ. ಐದನೇ ನಿಯಮ ಆ ನಗುವಿಗೆ ಉತ್ತರ. ನಮ್ಮ ಕಿವಿ ತಮಿಳಿನಲ್ಲಿ 'ಚೆವಿ'. ಮಾತಿನ ತಮಿಳಿನಲ್ಲಿ 'ಕಾದು' ಅಂತಾರೆ, ಚೆವಿ ಬರಹದಲ್ಲಿದೆ. ತೆಲುಗಿನಲ್ಲೂ ಚೆವಿಯೇ. ನಮ್ಮ ಕೆರೆ ತೆಲುಗರ 'ಚೆರುವು'. ನಮ್ಮ ಕಿರುನಗೆ ಅವರ 'ಚಿರುನವ್ವು'. ನಮ್ಮ ಕಿರು ತಮಿಳರ 'ಸಿರು', ನಮ್ಮ ಕೆಂಪಿನ ಕೆಂ ಅವರ 'ಸೆಂ'. ಇ, ಎ ಸ್ವರದ ಮುಂದೆ ಕಕಾರ ಇದ್ದಲ್ಲಿ ತಮಿಳು, ತೆಲುಗು ಎರಡೂ ಚಕಾರಕ್ಕೆ ಜಾರಿದವು, ಕನ್ನಡ ಜಾರಲಿಲ್ಲ. ಗೋಂಡಿಯವರ 'ಕೆವಿ', ಬ್ರಾಹುಯಿಯವರ 'ಖಫ್' ನಮ್ಮ ಪಕ್ಷಕ್ಕೆ ಸಾಕ್ಷಿ ಹೇಳ್ತವೆ. ತಮಿಳಿನಿಂದ ಕನ್ನಡ ಹುಟ್ಟಿದ್ದರೆ ತಾಯಿ ಕಳಕೊಂಡ ಕಕಾರ ಮಗಳಿಗೆ ಎಲ್ಲಿಂದ ಬಂತು? ಕನ್ನಡದಿಂದ ತಮಿಳು ಹುಟ್ಟಿದ್ದರೆ ನಾವು ಕಳಕೊಂಡ ಪಕಾರ ಅವರಲ್ಲಿ ಹೇಗೆ ಉಳೀತು? ಎರಡೂ ಆಗೋದಿಲ್ಲ. ಮುದುಕಿಯೊಬ್ಬಳು ಸತ್ತಿದ್ದಾಳೆ, ಅವಳ ಹೆಸರು ಯಾರಿಗೂ ಗೊತ್ತಿಲ್ಲ, ಮನೆಯ ಸಾಮಾನು ಹೆಣ್ಣುಮಕ್ಕಳು ಹಂಚಿಕೊಂಡು ಹೋಗಿದ್ದಾರೆ. ಒಬ್ಬಳ ಹತ್ತಿರ ಬಟ್ಟಲು, ಇನ್ನೊಬ್ಬಳ ಹತ್ತಿರ ಸಮೆ. ಸಮೆ ಇದ್ದವಳು ಬಟ್ಟಲು ಇದ್ದವಳ ತಾಯಿ ಆಗೋದಿಲ್ಲ.

ಇಷ್ಟು ಸರಳ ಉತ್ತರ ಪುಸ್ತಕದಲ್ಲಿ ಇದ್ದರೂ ಜನಕ್ಕೆ ಯಾಕೆ ತಲುಪಲಿಲ್ಲ? ಇಲ್ಲಿಂದ ನನ್ನ ತಕರಾರು ಶುರು.

ಮೊದಲ ತಕರಾರು, ಪುಸ್ತಕದ ಜೋಡಣೆ. ಇಡೀ ಕೋಶ ತಮಿಳು ಅಕ್ಷರಮಾಲೆಯ ಕ್ರಮದಲ್ಲಿದೆ. ಪ್ರತಿ ನಮೂದಿನಲ್ಲಿ ಮೊದಲು ತಮಿಳು, ಆಮೇಲೆ ಉಳಿದವರು. ಮೂಲರೂಪ ಇದು ಅಂತ ಊಹಿಸಿ ಬರೆಯೋದನ್ನ ಲೇಖಕರು ಬೇಕಂತಲೇ ಬಿಟ್ಟಿದ್ದಾರೆ. ಅದು ಎಚ್ಚರಿಕೆಯ ಕೆಲಸ, ಒಪ್ಪೋಣ. ಆದರೆ ಮೂಲದ ಜಾಗ ಖಾಲಿ ಬಿಟ್ಟು ಸಾಲಿನ ಮೊದಲು ತಮಿಳನ್ನ ನಿಲ್ಲಿಸಿದರೆ, ಅಭ್ಯಾಸ ಇಲ್ಲದ ಕಣ್ಣಿಗೆ ಮೊದಲು ನಿಂತವನೇ ಮೂಲಪುರುಷ ಅನ್ನಿಸುತ್ತೆ. ರೇಷನ್ ಕಾರ್ಡಿನಲ್ಲಿ ಮೊದಲ ಹೆಸರು ಯಾರದೋ ಅವರೇ ಯಜಮಾನರು ಅಂದುಕೊಂಡ ಹಾಗೆ. ಲೇಖಕರ ಮನಸ್ಸಿನಲ್ಲಿ ಅದಿರಲಿಲ್ಲ ಅನ್ನೋದಕ್ಕೆ ಪುಸ್ತಕದೊಳಗೇ ಪುರಾವೆ ಇದೆ. ಕಿವಿಯ ನಮೂದು ತಮಿಳಿನ ಚೆವಿಯಿಂದ ಶುರುವಾದರೂ ಅದನ್ನ ಇಟ್ಟಿರೋದು ಚಕಾರದಲ್ಲಿ ಅಲ್ಲ, ಕಕಾರದ ಭಾಗದಲ್ಲಿ. ಅಂದರೆ ಇಲ್ಲಿ ಹಳೇದು ಕಕಾರ ಅಂತ ಅವರು ಸದ್ದಿಲ್ಲದೆ ತೀರ್ಪು ಕೊಟ್ಟಿದ್ದಾರೆ. ಇಷ್ಟು ಮೆಲ್ಲಗೆ ಕೊಟ್ಟ ತೀರ್ಪು ವಿದ್ವಾಂಸರಿಗೆ ಕೇಳಿಸಿತು, ಬೀದಿಗೆ ಕೇಳಿಸಲಿಲ್ಲ. ಮೂಲರೂಪಗಳನ್ನ ಬಿಡಿಸಿ ಬರೆಯೋ ಕೆಲಸವನ್ನ ಭದ್ರಿರಾಜು ಕೃಷ್ಣಮೂರ್ತಿ 2003ರ ತಮ್ಮ 'ದಿ ದ್ರವಿಡಿಯನ್ ಲಾಂಗ್ವೇಜಸ್' ಪುಸ್ತಕದಲ್ಲಿ ಮಾಡಿದರು. ಕೋಶವನ್ನ ಆ ಪುಸ್ತಕದ ಜೊತೆಗಿಟ್ಟು ಓದೋದು ಒಳ್ಳೇದು.

ಎರಡನೇ ತಕರಾರು ನನಗೆ ಹೆಚ್ಚು ನೋವಿನದು. ಈ ಕೋಶದಲ್ಲಿರೋ ಕನ್ನಡ ಯಾವ ಕನ್ನಡ? ಬಹುಪಾಲು ಕಿಟ್ಟೆಲ್ ಕೋಶದ ಕನ್ನಡ. 1894ರಲ್ಲಿ ಬಂದ ಆ ಮಹಾಕೋಶದ ಋಣ ನಮ್ಮೆಲ್ಲರ ಮೇಲಿದೆ, ಅದರಲ್ಲಿ ಎರಡು ಮಾತಿಲ್ಲ. ಕಿಟ್ಟೆಲ್ ಧಾರವಾಡ, ಮಂಗಳೂರು, ಮಡಿಕೇರಿ ಕಡೆ ಓಡಾಡಿದವರು. ಆಗ ನಿಜಾಮರ ಸೀಮೆಯಲ್ಲಿದ್ದ ಕೊಪ್ಪಳ, ಗಂಗಾವತಿಯ ಬಾಯಿಮಾತು ಪ್ರತ್ಯೇಕ ಸಾಲಾಗಿ ಈ ಕೋಶಗಳಲ್ಲಿ ನಿಲ್ಲೋದಿಲ್ಲ. ನಿಂತಿದ್ದರೆ ಏನಾಗ್ತಿತ್ತು ನೋಡಿ. ತಮಿಳಿನಲ್ಲಿ 'ತಲೈ', ಬರಹದ ಕನ್ನಡದಲ್ಲಿ ತಲೆ, ತೆಲುಗಿನಲ್ಲಿ 'ತಲ', ನಮ್ಮಲ್ಲಿ 'ತಲಿ'. ತಮಿಳಿನಲ್ಲಿ 'ವಿಲೈ', ಕನ್ನಡದಲ್ಲಿ ಬೆಲೆ, ತೆಲುಗಿನಲ್ಲಿ 'ವೆಲ', ನಮ್ಮಲ್ಲಿ 'ಬೆಲಿ'. ಯಾನೈ, ಆನೆ, ಆನಿ. ಮಳೈ, ಮಳೆ, ಮಳಿ. ಮನೆಗೆ ಮನಿ, ಕೆರೆಗೆ ಕೆರಿ, ಅತ್ತೆಗೆ ಅತ್ತಿ. ಪದದ ಕೊನೆಯ ಎಕಾರ ನಮ್ಮಲ್ಲಿ ಇಕಾರ ಆಗುತ್ತೆ, ಬೇಕಾದ ಪದ ತಂದು ಪರೀಕ್ಷೆ ಮಾಡಿ. ತಮಿಳಿನ ಐಕಾರ ಕನ್ನಡದಲ್ಲಿ ಎ ಆಗಿದ್ದು ಎಷ್ಟು ಕಟ್ಟುನಿಟ್ಟಾದ ನಿಯಮವೋ, ಬೆಂಗಳೂರಿನ ಎಕಾರ ಕೊಪ್ಪಳದಲ್ಲಿ ಇ ಆಗಿದ್ದೂ ಅಷ್ಟೇ ಕಟ್ಟುನಿಟ್ಟಾದ ನಿಯಮ.

ಇದು ಯಾಕೆ ಮುಖ್ಯ ಅಂದ್ರೆ, ಬೆಂಗಳೂರಿನ ಆಫೀಸುಗಳಲ್ಲಿ 'ಬೆಲಿ ಎಷ್ಟೈತಿ' ಅಂದವನ ಕಡೆ ನಾಲ್ಕು ಜನ ತಿರುಗಿ ನಗ್ತಾರೆ. ಕಾಮಿಡಿ ಶೋಗಳಲ್ಲಿ ನಮ್ಮ ಮಾತೇ ಜೋಕು. ಇಂಟರ್‌ವ್ಯೂಗೆ ಹೋಗೋ ಹುಡುಗರಿಗೆ ಮೊದಲು ಇದನ್ನ ತಿದ್ದಿಕೊಳ್ಳಿ ಅಂತ ಹಿತವಚನ ಬೇರೆ. ತಿದ್ದೋಕೆ ಇದು ತಪ್ಪು ಅಲ್ಲ. ಹಾಲು ಅನ್ನೋದು ಪಾಲು ಕೆಟ್ಟು ಹುಟ್ಟಿದ ಪದ ಅಂತ ನಾವು ಯಾರೂ ನಾಚಿಕೊಳ್ಳೋದಿಲ್ಲ, ಅಲ್ವಾ? ಹಾಗಿದ್ದರೆ ಬೆಲಿ ಯಾಕೆ ಕೆಟ್ಟ ಬೆಲೆ ಆಗಬೇಕು? ಇನ್ನೊಂದು ವಿಷಯ. ಒಂಬತ್ತನೇ ಶತಮಾನದ 'ಕವಿರಾಜಮಾರ್ಗ' ಕನ್ನಡದ ತಿರುಳು ಇರುವ ಸೀಮೆ ಯಾವುದು ಅಂತ ಹೇಳುವಾಗ ನಾಲ್ಕು ಊರು ಹೆಸರಿಸುತ್ತೆ. ಕಿಸುವೊಳಲು, ಅಂದರೆ ಪಟ್ಟದಕಲ್ಲು. ಪುಲಿಗೆರೆ, ಅಂದರೆ ಲಕ್ಷ್ಮೇಶ್ವರ. ಒಂಕುಂದ. ಮತ್ತೊಂದು ಕೊಪಣನಗರ, ಅದೇ ನಮ್ಮ ಕೊಪ್ಪಳ. ಅಂದಿನ ತಿರುಳ್ಗನ್ನಡ ಇಂದಿನ ಕೊಪ್ಪಳದ ಮಾತೇ ಅಂತ ನಾನು ಹೇಳ್ತಿಲ್ಲ, ಸಾವಿರ ವರ್ಷದಲ್ಲಿ ಎಲ್ಲ ಊರಿನ ಮಾತೂ ಬದಲಾಗಿದೆ. ಆದರೆ ಯಾವ ಊರಿನ ಮಾತು ಶುದ್ಧ ಅನ್ನೋದು ಭಾಷೆಯ ಗುಣ ಅಲ್ಲ, ರಾಜಧಾನಿಯ ವಿಳಾಸ ಅಂತ ಇದರಿಂದ ತಿಳೀಬಹುದು.

ಮೂರನೇ ತಕರಾರು. ಈ ಕೋಶ ಸಾಲದ ಪದಗಳನ್ನ ಹೊರಗಿಡುತ್ತೆ. ಸಂಸ್ಕೃತ, ಪ್ರಾಕೃತ, ಮರಾಠಿ ಕಡೆಯಿಂದ ಬಂದವನ್ನ ಬೇರ್ಪಡಿಸಿ ಅದೇ ಲೇಖಕರು 1962ರಲ್ಲಿ ಬೇರೆಯದೇ ಪುಸ್ತಕ ಮಾಡಿದರು. ವಂಶವೃಕ್ಷ ಬರೆಯೋಕೆ ಇದು ಬೇಕಾದ ಶಿಸ್ತು, ಅಳಿಯಂದಿರನ್ನೂ ಬಾಡಿಗೆದಾರರನ್ನೂ ರಕ್ತಸಂಬಂಧಿಗಳ ಪಟ್ಟಿಯಲ್ಲಿ ಸೇರಿಸೋಕೆ ಆಗಲ್ಲ. ಆದರೆ ಮನೆ ನಡೆಯೋದು ಅವರನ್ನೂ ಸೇರಿಸಿಕೊಂಡೇ. ಕುಷ್ಟಗಿಯ ರೈತ ಒಬ್ಬನ ಒಂದು ದಿನ ತೆಗೀರಿ. ಬೆಳಿಗ್ಗೆ ಎದ್ದು ರೊಟ್ಟಿ ತಿಂದು, ಕಚೇರಿಗೆ ಹೋಗಿ ತಹಶೀಲ್ದಾರರಿಗೆ ಅರ್ಜಿ ಕೊಟ್ಟು, ಜಮೀನಿನ ಪಹಣಿ ವಿಚಾರಿಸಿ, ವಕೀಲನ್ನ ಕಂಡು, ದವಾಖಾನಿಗೆ ಹೋಗಿ, ಬಜಾರದಾಗ ರೊಕ್ಕ ಎಣಿಸಿ, ಮನಿಗೆ ಬರ್ತಾನ. ಇದರಲ್ಲಿ ಬರೋ-ಎಮೆನೋ ಕೋಶಕ್ಕೆ ಸೇರೋ ಹೆಸರು ಕೊನೆಯ 'ಮನಿ' ಒಂದೇ. ಉಳಿದವು ಉರ್ದು, ಪಾರ್ಸಿ, ಮರಾಠಿ ಕಡೆಯವು. 'ರೈತ' ಅನ್ನೋ ಪದವೇ ಅರಬ್ಬಿ ಮೂಲದ್ದು. ಹೋಗಿ, ಕೊಟ್ಟು, ಕಂಡು, ಎಣಿಸಿ, ಬರ್ತಾನ ಅನ್ನೋ ಕ್ರಿಯೆಗಳು ಮಾತ್ರ ಗಟ್ಟಿಯಾಗಿ ನಮ್ಮವೇ. ಹೆಸರು ಸಾಲ ತರಬಹುದು, ಕೆಲಸ ಮಾತ್ರ ನಾವೇ ಮಾಡಬೇಕು ಅನ್ನೋ ಹಾಗೆ.

ಇದೇನು ನಿನ್ನೆ ಮೊನ್ನೆಯ ಕಲಬೆರಕೆ ಅಲ್ಲ. ಕೊಪ್ಪಳದ ಗವಿಮಠದ ಬೆಟ್ಟ ಮತ್ತು ಪಾಲ್ಕಿಗುಂಡಿನ ಬಂಡೆಗಳ ಮೇಲೆ ಅಶೋಕ ಕೆತ್ತಿಸಿದ ಶಾಸನ ಇದೆ, ಕ್ರಿಸ್ತಪೂರ್ವ ಮೂರನೇ ಶತಮಾನದ್ದು, ಪ್ರಾಕೃತದಲ್ಲಿ. ನಮ್ಮ ಬೆಟ್ಟದ ಮೇಲೆ ಪರಊರಿನ ಭಾಷೆ ಬಂದು ಕೂತು ಎರಡು ಸಾವಿರ ವರ್ಷದ ಮೇಲಾಯ್ತು. ಯಲಬುರ್ಗಾ, ಕುಷ್ಟಗಿಯ ತಾಂಡಾಗಳಲ್ಲಿ ಇವತ್ತಿಗೂ ತಾಯಿಗೆ 'ಯಾಡಿ', ನೀರಿಗೆ 'ಪಾಣಿ', ಎಣಿಕೆ ಉತ್ತರದ ಭಾಷೆಗಳ ಥರ. ಲಂಬಾಣಿ ಹೆಣ್ಣುಮಗಳು ಸಂತೆಯಲ್ಲಿ ಕನ್ನಡದಲ್ಲಿ ಬೆಲಿ ಕೇಳ್ತಾಳೆ, ಮನೆಯಲ್ಲಿ ತನ್ನ ಭಾಷೆಯಲ್ಲಿ ಬೈತಾಳೆ. ಕೋಶದ ಲೆಕ್ಕದಲ್ಲಿ ಬ್ರಾಹುಯಿಯವನು ನನಗೆ ನೆಂಟ, ಈಕೆ ಅಲ್ಲ. ಜೀವನದ ಲೆಕ್ಕ ಬೇರೆ. ಪದಕೋಶದ ನೆಂಟಸ್ತನವನ್ನ ಜನರ ನೆಂಟಸ್ತನ ಅಂತ ಓದಿಕೊಂಡರೆ ಅಪಾಯ ಇಲ್ಲಿಂದಲೇ ಶುರು. ದ್ರಾವಿಡ ಅನ್ನೋದು ಭಾಷೆಗಳ ಗುಂಪಿನ ಹೆಸರು. ಅದನ್ನ ಎತ್ತಿಕೊಂಡು ಯಾರು ಒಳಗಿನವರು, ಯಾರು ಹೊರಗಿನವರು ಅಂತ ಮನುಷ್ಯರನ್ನ ವಿಂಗಡಿಸೋಕೆ ಹೊರಟರೆ ಪುಸ್ತಕದ ತಪ್ಪಲ್ಲ, ಓದಿದವರ ತಪ್ಪು.

ಉಲ್ಟಾ ಕೂಡ ನಿಜ. ಪದ ಒಂದಾದ ಮಾತ್ರಕ್ಕೆ ಬದುಕು ಒಂದಾಗೋದಿಲ್ಲ. ಕೂಲಿ ಅನ್ನೋ ಪದ ಕ್ಯಾಂಪಿನ ಗದ್ದೆಯ ಯಜಮಾನನಿಗೂ, ಬದುವಿನ ಮೇಲೆ ನಿಂತ ಹೆಣ್ಣುಮಗಳಿಗೂ ಒಂದೇ. ಒಬ್ಬರದು ಕೊಡೋ ಕೈ, ಇನ್ನೊಬ್ಬರದು ಕೇಳೋ ಕೈ. ಪದದ ಅರ್ಥ ಕೋಶದಲ್ಲಿ ಒಂದೇ ಸಾಲು, ಗದ್ದೆಯಲ್ಲಿ ಎರಡು. ಈ ಕೋಶದಲ್ಲಿ ವಾಕ್ಯಗಳಿಲ್ಲ, ಬರೀ ಪದಗಳು ಮತ್ತು ಇಂಗ್ಲಿಷ್ ಅರ್ಥ. ಹಾಗಾಗಿ ಯಾರು ಯಾರಿಗೆ ಯಾವ ಪದ ಯಾವ ದನಿಯಲ್ಲಿ ಅಂದರು ಅನ್ನೋದು ಇದರಲ್ಲಿ ಸಿಗೋದಿಲ್ಲ. ಅವ್ವ ಅನ್ನೋ ಪದ ತೆಲುಗಿನಲ್ಲಿ ಅಜ್ಜಿ, ತಮಿಳಿನ 'ಅವ್ವೈ' ವಯಸ್ಸಾದ ಹೆಂಗಸು, ನಮ್ಮಲ್ಲಿ ತಾಯಿ ಅಂತ ಕೋಶ ಹೇಳುತ್ತೆ. ನಮ್ಮ ಕಡೆ ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸಿಗೆ ಜಾಗ ಬಿಡುವಾಗ 'ಕೂಡ್ರಬೇ ಯವ್ವಾ' ಅಂತೀವಲ್ಲ, ಆ 'ಯವ್ವಾ' ಯಾವ ನಮೂದಿನಲ್ಲೂ ಇಲ್ಲ.

ಇಷ್ಟು ತಕರಾರು ಹೇಳಿಯೂ ಈ ಪುಸ್ತಕವನ್ನ ನಿಮ್ಮ ಕೈಗೆ ಕೊಡೋಕೆ ನನಗೆ ಹಿಂಜರಿಕೆ ಇಲ್ಲ. ದುಡ್ಡು ಕೊಟ್ಟು ಕೊಳ್ಳಲೇಬೇಕು ಅಂತಿಲ್ಲ, ಶಿಕಾಗೋ ವಿಶ್ವವಿದ್ಯಾಲಯದವರು ಫೋನಿನಲ್ಲೇ ಹುಡುಕೋ ಹಾಗೆ ಇಟ್ಟಿದ್ದಾರೆ. ಓದೋ ಕ್ರಮ ನಾನು ಹೇಳ್ತೀನಿ. ಮೊದಲ ಪುಟದಿಂದ ಶುರುಮಾಡಬೇಡಿ, ಎರಡೇ ದಿನಕ್ಕೆ ಬಿಟ್ಟುಬಿಡ್ತೀರಿ. ಹಿಂದಿನ ಕನ್ನಡ ಸೂಚಿಯಿಂದ ಶುರುಮಾಡಿ. ಅಡಿಗೆಮನೆಯ ಹತ್ತು ಪದ, ಮೈಯ ಹತ್ತು ಪದ, ಹೊಲದ ಹತ್ತು ಪದ ಆರಿಸಿಕೊಳ್ಳಿ. ಒಂದೊಂದರ ಮುಂದೆ ನಿಮ್ಮ ಅಜ್ಜಿ ಅನ್ನೋ ರೂಪವನ್ನ ಪೆನ್ಸಿಲ್ಲಿನಲ್ಲಿ ಬರೀರಿ. ಪುಂಡಿಪಲ್ಲೆ ತಿನ್ನೋ ನಮ್ಮ ಕಡೆಯವರಿಗೆ ತೆಲಂಗಾಣದವರು ಅದೇ ಸೊಪ್ಪಿಗೆ 'ಪುಂಟಿಕೂರ' ಅಂತಾರೆ ಅನ್ನೋದು ಗೊತ್ತಾದರೆ, ಪಿ.ಜಿ.ಯಲ್ಲಿ ಪಕ್ಕದ ಮಂಚದವನ ಜೊತೆ ಊಟದ ವಿಷಯದಲ್ಲಾದರೂ ಇಂಗ್ಲಿಷ್ ಬಿಡಬಹುದು. ಬೆಂಗಳೂರಿನಲ್ಲಿ ತೆಲುಗು, ತಮಿಳು ಗೆಳೆಯರಿಗೆ ಕನ್ನಡ ಕಲಿಸೋಕೆ ಇಂಗ್ಲಿಷಿನ ಸೇತುವೆ ಹತ್ತಿ ಇಳಿಯೋದು ಸುತ್ತುದಾರಿ. ನಿಮ್ಮ ಪಕಾರ ಇದ್ದಲ್ಲಿ ನಮ್ಮದು ಹಕಾರ, ನಿಮ್ಮ ವಕಾರ ಇದ್ದಲ್ಲಿ ಬಕಾರ ಅಂತ ಹೇಳಿಕೊಟ್ಟರೆ ಒಂದು ಸಂಜೆಯಲ್ಲಿ ನೂರು ಪದ ಅವರ ಕೈಯಲ್ಲಿರುತ್ತೆ. ಕನ್ನಡ ಬರಲ್ಲ ಅನ್ನೋರನ್ನ ಗದರಿಸೋದಕ್ಕಿಂತ ಇದು ಜಾಸ್ತಿ ಕೆಲಸ ಮಾಡುತ್ತೆ.

ಕೊನೆಗೆ ಒಂದು ಚಿಕ್ಕ ಪದ. ತೆಲುಗಿನಲ್ಲಿ ನಾವು ಅನ್ನೋಕೆ ಎರಡು ಪದ ಇವೆ. ಕೇಳ್ತಿರೋ ನಿಮ್ಮನ್ನ ಬಿಟ್ಟು ನಾವು ಅಂದರೆ 'ಮೇಮು', ನಿಮ್ಮನ್ನೂ ಸೇರಿಸಿ ನಾವು ಅಂದರೆ 'ಮನಂ'. ತಮಿಳಿನಲ್ಲೂ ಹಾಗೇ, 'ನಾಂಗಳ್' ಮತ್ತು 'ನಾಂ'. ಈ ವ್ಯತ್ಯಾಸ ಕನ್ನಡ ಕಳಕೊಂಡಿದೆ, ನಮಗೆ ಎಲ್ಲದಕ್ಕೂ ಒಂದೇ 'ನಾವು'. ವೇದಿಕೆ ಮೇಲೆ ನಿಂತು ನಾವು, ನಮ್ಮ ಭಾಷೆ ಅಂತ ಕೂಗೋರ ಮಾತಿನಲ್ಲಿ ಕೇಳ್ತಿರೋ ನಾನು ಇದ್ದೀನೋ ಇಲ್ಲವೋ ಅಂತ ಕನ್ನಡದಲ್ಲಿ ತಿಳಿಯೋದಿಲ್ಲ, ಕೇಳಿಯೇ ತಿಳ್ಕೋಬೇಕು. ಎಪ್ಪತ್ತು ವರ್ಷದ ಹಿಂದೆ ಎತ್ತಿನ ಬಂಡಿ ಕಟ್ಟಿಕೊಂಡು ಬಂದವರ ಮೊಮ್ಮಕ್ಕಳು ಗಂಗಾವತಿಯನ್ನ 'ಮನ ಊರು' ಅಂತಾರೆ. ಊರಿನ ಪದ ಇಬ್ಬರದೂ ಒಂದೇ. ಆ 'ಮನ'ದೊಳಗೆ ಬದುವಿನ ಮೇಲೆ ಕೂಲಿ ಕೇಳ್ತಾ ನಿಂತವಳು ಇದ್ದಾಳಾ, ನಮ್ಮ 'ನಾವು' ಒಳಗೆ ಕ್ಯಾಂಪಿನವರೂ ತಾಂಡಾದವರೂ ಇದ್ದಾರಾ ಅನ್ನೋದಕ್ಕೆ ಉತ್ತರ ಯಾವ ಪದಕೋಶದಲ್ಲೂ ಇಲ್ಲ. ಅದನ್ನ ಊರಿನವರೇ ಬರೀಬೇಕು.